ಎರಡ ಲಕ್ಷ ಓಡಿದ ಗಾಡಿ

ಹೋದ ಸಲ ಕರಿಂಡಿ ಮಾಡೂದು ಬರದಿದ್ದೆ. ಈ ಸಲ ಅಡಗಿ ಮಾತಿಲ್ಲ, ಗಾಡಿ ಮಾತು ಐತಿ. ಯಾಕಂದ್ರ ಮದುವಿ, ಕುಬುಸ, ಸೀರಿ ಅಂಗಡಿ, ಎಲ್ಲಿ ಸಿಕ್ರೂ ನೀವೆಲ್ಲಾ ನನ್ನ ಕೇಳೂದು ಒಂದ ಮಾತು. "ತವರಮನಿ ಪಾಲಿನ ರೊಕ್ಕ ಒಯ್ದು ಎರಡ ಲಕ್ಷ ಕಿಲೋಮೀಟರ್ ಓಡಿದ ಹಳೇ ಗಾಡಿಗೆ ಹಾಕೀರಂತಲ್ರಿ, ತಲಿ ಕೆಟ್ಟಿತ್ತೇನ್ರಿ?" ಒಬ್ಬೊಬ್ಬರಿಗೆ ಹೇಳಿ ಹೇಳಿ ಸಾಕಾಗೇತಿ. ಅದಕ್ಕ ಇಲ್ಲೆ ಎಲ್ಲಾ ಬರದುಬಿಡ್ತೀನಿ. ಜಗಳ ಆಡಿದ್ದೂ ಬರೀತೀನಿ, ಏನೂ ಮುಚ್ಚಿಡೂದಿಲ್ಲ.

ಮೊದಲ ರೊಕ್ಕದ ಮಾತು. ನನ್ನ ತವರು ಮುಂಡರಗಿ ಕಡಿ. ಅಪ್ಪ ಹೋದಮ್ಯಾಲೆ ಹೊಲ ಮಾರಿದಾಗ ಅಣ್ಣತಮ್ಮಂದಿರು ನನಗೂ ಪಾಲು ಕೊಟ್ರು. ನಮ್ಮ ರಾಜ್ಯದಾಗ 1994ರಾಗನ ಹೆಣ್ಣಮಕ್ಳಿಗೆ ಪಿತ್ರಾರ್ಜಿತ ಆಸ್ತ್ಯಾಗ ಪಾಲು ಅಂತ ಕಾನೂನು ಬಂದೈತಿ, 2005ರಾಗ ಇಡೀ ದೇಶಕ್ಕ ಬಂತು. ಆದ್ರ ಕಾನೂನು ಇದ್ರೂ ಎಷ್ಟ ಮಂದಿ ಕೇಳ್ತೀವ್ರಿ ನಾವು? ಅರಿಶಿಣ ಕುಂಕುಮಕ್ಕ ಒಂದ ಸೀರಿ ತಗೊಂಡು ಸಹಿ ಮಾಡಿ ಬರ್ತೀವಿ. ನಮ್ಮ ಅಣ್ಣಂದಿರು ಕೇಳಲಾರ್ದ ಕೊಟ್ರು. 8 ಲಕ್ಷ. ನನ್ನ ಹೆಸರಲೆ ಬ್ಯಾಂಕಿನಾಗ ಅಷ್ಟ ರೊಕ್ಕ ನೋಡಿದ್ದು ಅದ ಮೊದಲ.

ಎಲ್ಲಾರೂ ಹೇಳಿದ್ದು ಬಂಗಾರ ತಗೋ ಅಂತ. ನೆಗೆಣ್ಣಿ ಪಾಟ್ಲಿ ಅಂದ್ಲು, ಮಗಳು ಗದಗದಾಗ ಪ್ಲಾಟ್ ಅಂದ್ಲು. ನಮ್ಮನಿಯವ್ರು ಏನೂ ಅನ್ನಲಿಲ್ಲ. ಅವ್ರು ಅನ್ನೂ ಪೈಕಿ ಅಲ್ಲ.

ನಮ್ಮನಿಯವ್ರು 32 ವರ್ಷ ಮಂದಿ ಗಾಡಿ ಹೊಡದಾರ. ಅಂಬಾಸಿಡರ್‌ಲಿಂದ ಶುರು ಮಾಡಿ, ಆಮ್ಯಾಲೆ ಜೀಪು, ಸುಮೋ, ಕಡಿಗೆ ಹುಬ್ಬಳ್ಳ್ಯಾಗ ಒಬ್ಬ ಸಾವಕಾರ್ರ ದೊಡ್ಡ ಗಾಡಿ. ರಾತ್ರಿ ಎರಡಕ್ಕ ಬರೋರು, ಮುಂಜಾನೆ ಆರಕ್ಕ ಹೋಗೋರು. ಮಗ ಹುಟ್ಟಿದಾಗ ತಿರುಪತಿ ದಾರ್‍ಯಾಗ ಇದ್ರು. ನಮ್ಮತ್ತಿ ತೀರಿಕೊಂಡಾಗ ಗೋವಾದಾಗ ಇದ್ರು. ಕ್ಲಚ್ ತುಳದು ತುಳದು ಎಡಗಾಲ ಮಣಕಾಲು ಸವದೈತಿ, ಡಾಕ್ಟರು ಇನ್ನ ಕ್ಲಚ್ ಇರೂ ಗಾಡಿ ಹೊಡೀಬ್ಯಾಡ್ರಿ ಅಂದಾರ. ಮನ್ಯಾಗ ಕುಂತಮ್ಯಾಲೆ ಹೈವೇ ಕಡಿ ಮುಖ ಮಾಡಿ ಕಟ್ಟಿ ಮ್ಯಾಲೆ ಕುಂದರೋರು. ಹೋಗೂ ಬರೂ ಗಾಡಿ ಸಪ್ಪಳ ಕೇಳೇ ಯಾವ ಗಾಡಿ ಅಂತ ಹೇಳೋರು. ನನಗ ಅದು ನೋಡಾಕ ಆಗ್ತಿರಲಿಲ್ಲ.

ಒಂದಿನ ರೊಟ್ಟಿ ಬಡಿಯೂ ಹೊತ್ತಿನಾಗ ನಾನ ಕೇಳಿದೆ. "ರೀ, ನಿಮಗೊಂದು ಗಾಡಿ ತಗೊಂಡ್ರ ಯಾವ್ದು ತಗೋತೀರಿ?"

ಭಾಳ ಹೊತ್ತು ಸುಮ್ಮನಿದ್ದು, "ಸಾವಕಾರ್ರ ಮನ್ಯಾಗ ಒಂದ ಕ್ಯಾಮ್ರಿ ಹೈಬ್ರಿಡ್ ಇತ್ತು. ಅದಕ್ಕ ಕ್ಲಚ್ ಇಲ್ಲ. ಸಪ್ಪಳ ಇಲ್ಲ. ಈಗ ಹಳೇವು ಆರ ಲಕ್ಷಕ್ಕ ಸಿಗ್ತಾವಂತ" ಅಂದ್ರು. ಬೆಲಿ ಸೈತ ಗೊತ್ತಿತ್ತು ನೋಡ್ರಿ! ಅಂದ್ರ ಎಷ್ಟ ದಿನದಿಂದ ಮನಸಿನಾಗ ಇತ್ತೋ ಏನೋ.

ಆರ ಲಕ್ಷಕ್ಕ ಹೊಸಾ ಸಣ್ಣ ಗಾಡಿ ಬರ್ತೈತಲ್ಲ ಅಂತ ನೀವೂ ಕೇಳ್ತೀರಿ, ನಾನೂ ಕೇಳಿದೆ. ಬರ್ತೈತಿ ಖರೆ. ಆದ್ರ ಅವ್ರ ಬೆನ್ನಿಗೆ, ಮಣಕಾಲಿಗೆ ಅದು ಹೊಂದೂದಿಲ್ಲ. ಇನ್ನೊಂದು, 32 ವರ್ಷ ಮಂದೀನ ಹಿಂದ ಕುಂದರಿಸಿಕೊಂಡು ಹೊಡದ ಮನಿಷ್ಯಾಗ ಅಂಥಾದ ಒಂದು ಗಾಡಿ ತಂದು ಅನ್ನೂ ಆಸೆ ಇರ್ತೈತಿ. ಆಸೆಗೆ ಲೆಕ್ಕ ಹಚ್ಚಾಕ ಬರೂದಿಲ್ಲ. ಆದ್ರ ರೊಕ್ಕಕ್ಕ ಲೆಕ್ಕ ಹಚ್ಚಾಕ ಬೇಕಲ್ಲ?

ಹೈಬ್ರಿಡ್ ಅಂದ್ರ ಏನಂತ ಮಗ ಫೋನಿನಾಗ ಒಂದ ತಾಸು ಹೇಳಿದ. ನನಗ ತಿಳದಂಗ ನಿಮಗ ಹೇಳ್ತೀನಿ. ಮನ್ಯಾಗ ಗ್ಯಾಸೂ ಐತಿ, ಕರೆಂಟ್ ಒಲಿನೂ ಐತಿ ಅನ್ರಿ. ಚಾ ಕಾಸೂದಕ್ಕ ಕರೆಂಟ್ ಒಲಿ, ಹೋಳಿಗಿ ಹೂರಣ ಕುದಿಸೂದಕ್ಕ ಗ್ಯಾಸು, ಹಬ್ಬದ ದಿನ ಎರಡೂ. ಹಂಗ ಈ ಗಾಡ್ಯಾಗ ಪೆಟ್ರೋಲ್ ಇಂಜಿನ್ನೂ ಐತಿ, ಕರೆಂಟ್ ಮೋಟಾರೂ ಐತಿ. ಮೆಲ್ಲಕ ಹೋಗಾಗ, ಸಿಗ್ನಲ್‌ನ್ಯಾಗ ನಿಂತಾಗ ಇಂಜಿನ್ ತಾನ ಬಂದ್ ಆಕ್ಕೈತಿ. ಜೋರ ಬೇಕಾದಾಗ ಎರಡೂ ಕೂಡಿ ಎಳೀತಾವ. ಮೊಬೈಲಿನಂಗ ಪ್ಲಗ್ಗಿಗೆ ಹಚ್ಚಿ ಚಾರ್ಜ್ ಮಾಡೂದು ಇಲ್ಲೇ ಇಲ್ಲ. ಇಂಜಿನ್ ಓಡಾಗ ಚಾರ್ಜ್ ಆಕ್ಕೈತಿ, ಬ್ರೇಕ್ ಹಿಡದಾಗನೂ ಆಕ್ಕೈತಿ. ಆಗಿನ ಸೈಕಲ್ಲಿಗೆ ಡೈನಮೊ ಇರ್ತಿತ್ತಲ್ರಿ, ಗಾಲಿಗೆ ಹಚ್ಚಿದ ಕೂಡ್ಲೆ ಸೈಕಲ್ ಭಾರ ಆಗಿ ದೀಪ ಹತ್ತೂದು? ಅದ ಲೆಕ್ಕ. ಗಾಡಿ ಓಟ ಕಡಿಮಿ ಮಾಡೂ ಕೆಲಸಾನ ಕರೆಂಟ್ ಆಕ್ಕೈತಿ. ಅದಕ್ಕ ಇವುಗಳ ಬ್ರೇಕ್ ಪ್ಯಾಡ್ ಲಗೂನ ಸವಿಯೂದಿಲ್ಲಂತ.

ಈ ನಮೂನಿ ಗಾಡಿ 1997ರಾಗ ಜಪಾನಿನಾಗ ಪ್ರಿಯಸ್ ಅಂತ ಮೊದಲ ಬಂತಂತ. ಕ್ಯಾಮ್ರಿ ಹೈಬ್ರಿಡ್ 2013ರಿಂದ ನಮ್ಮ ಬಿಡದಿಯೊಳಗ ತಯಾರಾಗೈತಿ. ಹೊಸಾದಿದ್ದಾಗ ಮೂವತ್ತು ಲಕ್ಷದ ಸುತ್ತಮುತ್ತ. ಅಂಥಾದ್ದು ಆರ ಲಕ್ಷಕ್ಕ ಯಾಕ ಬರ್ತೈತಿ? ನನಗ ಅಲ್ಲೇ ಸಂಶೆ ಬಂತು. ಅಗ್ಗಕ್ಕ ಬಂದ ಎಮ್ಮಿಗೆ ಏನರ ಒಂದು ಇದ್ದ ಇರ್ತೈತಿ.

2024ರ ದೀಪಾವಳಿ ಮುಗಿಸಿಕೊಂಡು ರಾತ್ರಿ ರೈಲಿಗೆ ಬೆಂಗಳೂರಿಗೆ ಹೋದ್ವಿ. ಮಗ ಎರಡ ಗಾಡಿ ನೋಡಿಟ್ಟಿದ್ದ.

ಮೊದಲನೇದು ಒಂದ ಹಳೇ ಗಾಡಿ ಮಾರೂ ಅಂಗಡ್ಯಾಗ. ಕನ್ನಡಿ ಹಂಗ ಹೊಳೀತಿತ್ತು. ಮೀಟರಿನಾಗ 68,000 ಕಿಲೋಮೀಟರ್. ನಮ್ಮನಿಯವ್ರು ಇಂಜಿನ್ ನೋಡಾಕ ಹೋದ್ರು, ನಾ ಸುಮ್ಕ ಡ್ರೈವರ್ ಸೀಟಿನಾಗ ಕುಂತೆ. ಗಾಡಿ ನನಗ ತಿಳಿಯೂದಿಲ್ಲ, ಆದ್ರ ಸವದದ್ದು ತಿಳೀತೈತಿ. ಬ್ರೇಕಿನ ರಬ್ಬರ್ ಒಂದ ಕಡಿ ಪೂರ್ತಿ ನುಣ್ಣಗಾಗಿತ್ತು, ಹಳೇ ಚಪ್ಪಲಿ ಹಿಮ್ಮಡ ಆದಂಗ. ಸ್ಟೇರಿಂಗ್ ಮ್ಯಾಲೆ ಕೈ ಹಿಡಿಯೂ ಜಾಗಾ ಮಿರಿಮಿರಿ ಮಿಂಚತಿತ್ತು. ಇಳಿಯೂ ಕಡಿ ಸೀಟಿನ ಅಂಚು ಬಿರಕ ಬಿಟ್ಟಿತ್ತು. ಒಂದ ವರ್ಷ ಬಳಸಿದ ಒರಳು ಯಾವ್ದು, ಅತ್ತಿ ಕಾಲದ್ದು ಯಾವ್ದು ಅಂತ ನಮಗ್ಯಾರಾದ್ರೂ ಹೇಳಿಕೊಡಬೇಕೇನ್ರಿ? "ರೀ, ಇದು ಭಾಳ ಓಡೈತಿ" ಅಂದೆ. ಅಂಗಡಿ ಹುಡುಗ ನಕ್ಕ.

ಮಗ ಸರ್ವಿಸ್ ಬುಕ್ ಕೇಳಿದ, ಕಳದೈತಿ ಅಂದ್ರು. ಕಂಪನಿ ಸರ್ವಿಸ್ ಸೆಂಟರಿಗೆ ಹೋಗಿ ಗಾಡಿ ನಂಬರ್ ಕೊಟ್ಟು ವಿಚಾರಿಸಿದ್ರ, 2019ರಾಗನ 1,40,000 ದಾಟಿತ್ತು! ಅಂದ್ರ ಮೀಟರ್ ಹಿಂದಕ್ಕ ತಿರುವಿದ್ರು. ನಮ್ಮನಿಯವ್ರು ಒಂದ ಮಾತು ಆಡಲಿಲ್ಲ. ಹೊರಗ ಬಂದು, "ಮೂವತ್ತು ವರ್ಷ ಗಾಡಿ ಹೊಡದೇನಿ, ನಾ ಪೆಡಲ್ ನೋಡಲಿಲ್ಲಲ್ಲ" ಅಂದ್ರು. "ನೀವು ಹೊಳಪು ನೋಡಿದ್ರಿ" ಅಂದೆ.

ಎರಡನೇದು ಒಬ್ಬ ಹಿರಿಯರ ಮನಿ ಗಾಡಿ. 2015ರದ್ದು, ಮೀಟರಿನಾಗ 2,12,000. ನಾ ಕೇಳಿ ಹೌಹಾರಿದೆ. ಭೂಮಿ ಸುತ್ತ ಒಂದ ಸಲ ತಿರಗಿದ್ರ ಸುಮಾರು 40,000 ಕಿಲೋಮೀಟರ್ ಅಂತ ಸಾಲ್ಯಾಗ ಕಲತಿದ್ವಿ. ಅಂದ್ರ ಈ ಗಾಡಿ ಐದ ಸುತ್ತು ತಿರಗಿ ಬಂದೈತಿ!

ಆ ಮನಿ ಅಮ್ಮಾರು ಚಾ ಕೊಟ್ಟು, ಒಂದ ದಪ್ಪ ಫೈಲ್ ತಂದು ನನ್ನ ತೊಡಿ ಮ್ಯಾಲೆ ಇಟ್ರು. ಮೊದಲನೇ ಸರ್ವಿಸ್‌ನಿಂದ ಹಿಡದು ಎಲ್ಲಾ ರಸೀದಿ, ತಾರೀಖಿನ ಪ್ರಕಾರ. "ನಮ್ಮೋರು ಕೆಲಸಕ್ಕೆ ವಾರ ವಾರ ಕೊಯಮತ್ತೂರಿಗೆ ಹೋಗಿ ಬರ್ತಿದ್ರು ನೋಡಿ, ಅದಕ್ಕೇ ಇಷ್ಟು ಓಡಿದೆ. 2018ರಲ್ಲಿ ಹಿಂದಿನಿಂದ ಒಬ್ಬರು ಗುದ್ದಿದ್ರು, ಬಂಪರ್ ಬದಲಾಯಿಸಿದ್ದೀವಿ. ಎಡಗಡೆ ಬಾಗಿಲಿನ ಗ್ಲಾಸು ನಿಧಾನಕ್ಕೆ ಇಳಿಯುತ್ತೆ. ಇನ್ನೇನೂ ಇಲ್ಲ" ಅಂದ್ರು. ಕೇಳಲಾರ್ದ ಹೇಳಿದ್ರು. ನನಗ ಅಲ್ಲೇ ಅರ್ಧ ಮನಸು ಆತು.

ನಮ್ಮನಿಯವ್ರು ಹೇಳಿದ್ದು, ಊರಾಗ ನಿಂತು ನಿಂತು ಓಡಿದ ಅರವತ್ತು ಸಾವಿರಕ್ಕಿಂತ ಹೈವೇದಾಗ ಸಮಾ ಓಡಿದ ಎರಡ ಲಕ್ಷ ಗಾಡಿಗೆ ಹಗರ. ವ್ಯಾಳ್ಯಾಕ್ಕ ಎಣ್ಣಿ ಬದಲಿಸಿರಬೇಕು ಅಷ್ಟ. ದಿನಾ ಹೊಲಕ್ಕ ನಡದು ಹೋಗೂ ಮುದುಕಿ ಗಟ್ಟಿ ಇರ್ತಾಳ, ಕುಂತಲ್ಲೇ ಕುಂತಾಕಿಗೆ ಮಣಕಾಲು ಹಿಡೀತಾವಲ್ರಿ, ಹಂಗ.

ಹೈಬ್ರಿಡ್ ಗಾಡ್ಯಾಗ ನೋಡೂದು ಇಂಜಿನ್‌ಕಿಂತ ದೊಡ್ಡ ಬ್ಯಾಟರಿ. ಅದು ಹಿಂದಿನ ಸೀಟಿನ ಬೆನ್ನಿಗೆ ಇರ್ತೈತಿ. ಅದರಾಗ 34 ಸಣ್ಣ ಸಣ್ಣ ತುಂಡು ಜೋಡಿಸಿರ್ತಾರ. ಮಗನಿಗೆ ಗೊತ್ತಿದ್ದ ಒಬ್ಬ ಮೆಕ್ಯಾನಿಕ್ ಕಂಪ್ಯೂಟರ್ ಹಚ್ಚಿ, ಗಾಡಿ ಓಡಿಸಿ, ಎಲ್ಲಾ ಕಡಿ ಕರೆಂಟು ಸಮಾ ಬರ್ತೈತೋ ಇಲ್ಲೊ ನೋಡಿದ. ಒಂದ ತುಂಡು ಸೋತ್ರ ಉಳದವನ್ನೂ ಎಳಕೊಂಡು ಹೋಗ್ತೈತಂತ. ಶೇಂಗಾದಾಗ ಒಂದ ಮುಗ್ಗಲು ಕಾಳು ಇದ್ರ ಇಡೀ ಚಟ್ನಿ ಕೈ ಆದಂಗ. ಸಮಾ ಬಂತು. ಅಷ್ಟಕ್ಕ ಬಿಟ್ಟಿದ್ರ ಚೊಲೊ ಇತ್ತು. ಆ ಹುಡುಗ ನನ್ನ ಕಡಿ ತಿರಗಿ, "ಅಮ್ಮಾ, ಇದು ಒಂಬತ್ತು ವರ್ಷದ ಬ್ಯಾಟರಿ. ಎರಡು ವರ್ಷಾನೂ ಬರಬಹುದು, ಐದು ವರ್ಷಾನೂ ಬರಬಹುದು, ಗ್ಯಾರಂಟಿ ಕೊಡೋಕಾಗಲ್ಲ. ಹೊಸದು ಹಾಕಿದ್ರೆ ಲಕ್ಷಗಟ್ಟಲೆ ಆಗುತ್ತೆ. ಹೋದ ವಾರ ಫೋನಲ್ಲಿ ಅಪ್ಪಾವ್ರಿಗೆ ಹೇಳಿದ್ನಲ್ಲಾ" ಅಂದ.

ನಾ ನಮ್ಮನಿಯವ್ರ ಮುಖ ನೋಡಿದೆ. ಅವ್ರು ಗಾಲಿ ನೋಡಾಕ ಹತ್ತಿದ್ರು.

ಬಾಜೂ ಹೋಟೆಲಿನಾಗ ಕುಂತು ಜಗಳ ಆಡಿದ್ವಿ. ಮಗ ಎದ್ದು ಹೊರಗ ಹೋದ. 33 ವರ್ಷದ ಸಂಸಾರದಾಗ ನಾ ಅಷ್ಟ ಸಿಟ್ಟಿಗೆ ಬಂದದ್ದು ಕಡಿಮಿ. "ಯಾಕ ಹೇಳಲಿಲ್ಲ?" ಅಂದೆ. "ಹೇಳಿದ್ರ ನೀ ಬ್ಯಾಡ ಅಂತಿದ್ದಿ" ಅಂದ್ರು. "ಮತ್ತ ಆ ಅಂಗಡಿಯವಗೂ ನಿಮಗೂ ಏನ ಫರಕು? ಅಂವ ಗಾಡಿ ಮೀಟರ್ ತಿರುವಿದ, ನೀವು ನಂದು ತಿರುವಿದ್ರಿ" ಅಂದೆ. ಅನಬಾರದಾಗಿತ್ತೇನೋ. ಅವ್ರ ಕೈ ನಡಗಿತು, ಚಾ ಬಸಿಯಾಗ ಚೆಲ್ಲಿತು. ಭಾಳ ಹೊತ್ತಿನ ಮ್ಯಾಲೆ ಸಣ್ಣ ದನ್ಯಾಗ ಅಂದ್ರು, "ಜೀವನದಾಗ ನಿನ್ನ ಕಡಿಂದ ಏನೂ ಕೇಳಿದ್ದಿಲ್ಲ. ಇದೊಂದು ಬಿಟ್ಟುಹೋದ್ರ ಅಂತ ಅಂಜಿಕಿ ಬಂತು. ತಪ್ಪಾತು. ಊರಿಗೆ ಹೋಗೂಣ ನಡಿ."

ಅಕ್ಕಾರ, ಇಲ್ಲೆ ನೀವು ನನ್ನ ಜಾಗಾದಾಗ ಇದ್ರ ಏನ ಮಾಡ್ತಿದ್ರಿ? ಊರಿಗೆ ಬಂದುಬಿಟ್ಟಿದ್ರ ರೊಕ್ಕ ಉಳೀತಿತ್ತು. ಆದ್ರ ಆ ಕಟ್ಟಿ ಮ್ಯಾಲೆ ಅವ್ರು ಕುಂದರೂದು ನಾ ದಿನಾ ನೋಡಬೇಕಿತ್ತಲ್ಲ. ನನಗ ಬ್ಯಾಟರಿ ಸಿಟ್ಟು ಇರಲಿಲ್ಲ. ಹೋಗೂ ಜಿನಸು ಒಂದಿನ ಹೋಗ್ತೈತಿ. ಮುಚ್ಚಿಟ್ಟದ್ದರ ಸಿಟ್ಟು. ಎಲ್ಲಾ ಹೇಳಿ, ಬಾ ಅಂದಿದ್ರ ನಾ ಬರ್ತಿದ್ದೆ.

ಕಾಗದ ಪೆನ್ನು ತರಿಸಿ ಅಲ್ಲೇ ಲೆಕ್ಕ ಬರದೆ. ಅವ್ರು 6 ಲಕ್ಷ 75 ಸಾವಿರ ಹೇಳಿದ್ರು, 6 ಲಕ್ಷ 25ಕ್ಕ ಮುಗಿಸಿದ್ವಿ. ಕಾಗದ ಪತ್ರ, ಇನ್ಶೂರೆನ್ಸಿಗೆ 30 ಸಾವಿರ. ಟೈರು, ಎಣ್ಣಿ, ಸಣ್ಣಪುಟ್ಟ ರಿಪೇರಿಗೆ 45 ಸಾವಿರ. ಒಟ್ಟು 7 ಲಕ್ಷ. ಉಳದ 1 ಲಕ್ಷ ಬ್ಯಾಂಕಿನಾಗ ಡಿಪಾಜಿಟ್, ಅದರ ಹೆಸರು ಬ್ಯಾಟರಿ ರೊಕ್ಕ. ಮನ್ಯಾಗ ಮದುವಿ ಇರಲಿ, ಮುಂಜಿವಿ ಇರಲಿ, ಅದನ್ನ ಮುಟ್ಟಂಗಿಲ್ಲ. ಮ್ಯಾಲೆ ತಿಂಗಳಿಗೆ ಎರಡ ಸಾವಿರ ಅವ್ರು ಅದಕ್ಕ ಕೂಡಿಸಬೇಕು. ಗಾಡಿ ನನ್ನ ಹೆಸರಲೆ. ಗಾಡ್ಯಾಗ ಏನ ತ್ರಾಸ ಆದ್ರೂ ಮೊದಲ ನನಗ ಹೇಳಬೇಕು, ಮೆಕ್ಯಾನಿಕ್‌ಗೆ ಆಮ್ಯಾಲೆ. ಕೆಳಗ ಅವ್ರ ಕಡಿಂದ ಸಹಿ ಮಾಡಿಸಿದೆ. ನಗಬ್ಯಾಡ್ರಿ, ಆ ಚೀಟಿ ಈಗೂ ನನ್ನ ಟ್ರಂಕಿನಾಗ ಐತಿ.

ಕಾಗದದ ಮಾತು ಲಗೂನ ಹೇಳಿಬಿಡ್ತೀನಿ, ನಿಮಗೂ ಬೇಕಾಕ್ಕೈತಿ. ಹಳೇ ಗಾಡಿ ತಗೊಂಡ್ರ 29 ಮತ್ತ 30ನೇ ನಂಬರ್ ಫಾರ್ಮು ತುಂಬಿ ಸಹಿ ಮಾಡಿಸಬೇಕು. ಗಾಡಿ ಮ್ಯಾಲೆ ಸಾಲ ಇತ್ತಂದ್ರ ತೀರಿದ್ದಕ್ಕ ಬ್ಯಾಂಕಿನ ಕಾಗದ ಬೇಕು, ಆರ್‌ಸಿಯೊಳಗ ಬ್ಯಾಂಕಿನ ಹೆಸರು ತಗಸಬೇಕು. ದಂಡದ ಬಾಕಿ ಐತೇನು ಅಂತ ಮೊಬೈಲಿನಾಗ ನೋಡಾಕ ಬರ್ತೈತಿ. ಇನ್ಶೂರೆನ್ಸ್ 14 ದಿನದಾಗ ನಮ್ಮ ಹೆಸರಿಗೆ ಮಾಡಿಸಾಕ ಅರ್ಜಿ ಕೊಡಬೇಕು. ಮುಂದ ಏನರ ಆದ್ರ ಹಳೇ ಮಾಲಕರ ಹೆಸರು ಹಿಡಕೊಂಡು ತಿರಗೂದು ಬ್ಯಾಡ. ಗಾಡಿ ನೋಂದಣಿ 15 ವರ್ಷ ಇರ್ತೈತಿ, ನಮ್ಮದಕ್ಕ 2030ರ ತನಕ ಐತಿ. ಅದನ್ನೂ ನೋಡಿ ಬೆಲಿ ಕಟ್ಟಬೇಕು.

ತುಮಕೂರು, ಶಿರಾ, ಚಿತ್ರದುರ್ಗ, ದಾವಣಗೆರೆ, ಹಾವೇರಿ ಹಿಡಕೊಂಡು ಹುಬ್ಬಳ್ಳಿಗೆ ಬಂದು, ಅಣ್ಣಿಗೇರಿ ಮ್ಯಾಲೆ ಹಾಸಿ ಮನಿಗೆ ಬಂದ್ವಿ. ನಾ ಮುಂದಿನ ಸೀಟಿನಾಗ. ಅವ್ರು ದಾರಿ ಪೂರ್ತಿ ಮಾತಾಡಿದ್ರು! ಇಲ್ಲೊಮ್ಮೆ ಟೈರ್ ಒಡದಿತ್ತು, ಈ ಧಾಬಾದಾಗ ಮಲಗಿದ್ದೆ, ಈ ಘಾಟಿನಾಗ ನಿನ್ನ ನೆನಸಿಕೊಂಡಿದ್ದೆ. 33 ವರ್ಷದಾಗ ನನಗ ಗೊತ್ತಿರಲಾರದ ಎಷ್ಟೋ ಮಾತು ಆ ಒಂದ ದಿನದಾಗ ಕೇಳಿದೆ. ಲೀಟರಿಗೆ 18 ಕಿಲೋಮೀಟರ್ ಬಿತ್ತು. ಅಷ್ಟ ದೊಡ್ಡ ಗಾಡಿಗೆ ಅದು ಭಾಳ ಚೊಲೊ ಅಂತ. ಗದಗ ಊರಾಗ 15ರ ಆಸುಪಾಸು ಬರ್ತೈತಿ.

ಮರುದಿನ ಪೂಜಿ. ಗಾಲಿ ಕೆಳಗ ನಿಂಬಿಹಣ್ಣು ಇಟ್ಟು ಅಯ್ಯನವರು, "ಗಾಡಿ ಚಾಲೂ ಮಾಡ್ರಿ" ಅಂದ್ರು. ಇವ್ರು, "ಚಾಲೂ ಆಗೇತ್ರಿ" ಅಂದ್ರು. ಅಯ್ಯನವರು ಕಿವಿಗೊಟ್ಟು ಕೇಳಿ, "ಎಲ್ಲೆರಿ, ಸಪ್ಪಳ ಇಲ್ಲಲ್ಲ!" ಅಂದ್ರು. ಗಾಡಿ ಮೆಲ್ಲಕ ಮುಂದ ಸರದು ನಿಂಬಿಹಣ್ಣು ಪಚಕ್ ಅಂದಾಗ ಒಂದ ಹೆಜ್ಜಿ ಹಿಂದ ಸರದ್ರು. ಆದ್ರ ಇದು ಬರೇ ನಗೂ ಮಾತಲ್ಲ. ಸಪ್ಪಳ ಇಲ್ಲಂದ್ರ ಕೋಳಿ ಏಳೂದಿಲ್ಲ, ಆಡಿನ ಮರಿ ಸರಿಯೂದಿಲ್ಲ, ಆಡೂ ಹುಡುಗರಿಗೂ ಗೊತ್ತಾಗೂದಿಲ್ಲ. ಅದಕ್ಕ ನಮ್ಮ ಮನಿ ಮುಂದ ಗಾಡಿ ಹೊರಗ ತಗಿಯಾಗ ಒಬ್ಬರು ಇಳದು ಸುತ್ತ ನೋಡೂದು ಕಡ್ಡಾಯ.

ಮೂರ ತಿಂಗಳಿಗೆ ನಾ ಅಂಜಿದ್ದ ದಿನ ಬಂತು. ಮುಂಜಾನೆ ಗಾಡಿ ಸತ್ತಂಗ ಬಿದ್ದಿತ್ತು. ದೀಪ ಇಲ್ಲ, ಏನಿಲ್ಲ. ಇವ್ರು ಒಳಗ ಬಂದು, ನಾ ಜ್ವಾಳ ಹಸನ ಮಾಡೂ ಕಡಿ ನಿಂತು, "ಗಾಡಿ ಚಾಲೂ ಆಗವಲ್ದು. ಮೊದಲ ನಿನಗ ಹೇಳಾಕತ್ತೀನಿ" ಅಂದ್ರು. ಮುಖ ಬಿಳಚಿಕೊಂಡಿತ್ತು. ನನ್ನ ಎದಿನೂ ಧಸಕ್ ಅಂತು. ಆದ್ರ ಅವ್ರು ಮೊದಲ ನನ್ನ ಕಡಿ ಬಂದ್ರಲ್ಲ. ಮೊರ ಕೆಳಗಿಟ್ಟು, "ಬ್ಯಾಟರಿ ರೊಕ್ಕ ಐತಿ, ಅಂಜಬ್ಯಾಡ್ರಿ" ಅಂದೆ.

ಬೆಂಗಳೂರಿನ ಹುಡುಗಗ ಫೋನ್ ಹಚ್ಚಿದ್ರ, "ಡಿಕ್ಕಿ ನೋಡಿ ಅಮ್ಮಾ" ಅಂದ. ಈ ಗಾಡಿಗೆ ದೊಡ್ಡದಲ್ಲದ ಇನ್ನೊಂದು ಸಣ್ಣ ಬ್ಯಾಟರಿ ಐತಿ, ಎಲ್ಲಾ ಗಾಡಿಗೂ ಇರೂವಂಥ 12 ವೋಲ್ಟಿಂದು. ಅದು ಡಿಕ್ಕ್ಯಾಗ ಇರ್ತೈತಿ. ಅದು ಇಳದ್ರ ದೊಡ್ಡದು ಎಷ್ಟ ಗಟ್ಟಿ ಇದ್ರೂ ಗಾಡಿ ಎಚ್ಚರ ಆಗೂದಿಲ್ಲ. ಹಿಂದಿನ ದಿನ ಸಂತಿಯಿಂದ ಬಂದು ಡಿಕ್ಕಿ ಬಾಗಿಲ ನಾನ ಪೂರ್ತಿ ಹಾಕಿರಲಿಲ್ಲ. ರಾತ್ರಿ ಪೂರ್ತಿ ಒಳಗಿನ ದೀಪ ಹತ್ತಿ ಬ್ಯಾಟರಿ ಇಳದಿತ್ತು. ಗದಗಿನಿಂದ ಒಬ್ಬ ಬಂದು ಚಾರ್ಜ್ ಮಾಡಿಕೊಟ್ಟ, ನಾಕ್ನೂರ ರೂಪಾಯಿದಾಗ ಮುಗೀತು. ಎಷ್ಟೋ ಮಂದಿ ಇದನ್ನ ತಿಳೀಲಾರ್ದ ದೊಡ್ಡ ಬ್ಯಾಟರಿನ ಹೋತು ಅಂತ ಗಾಡಿ ಅಗ್ಗಕ್ಕ ಮಾರತಾರಂತ ನೋಡ್ರಿ.

ಅವತ್ತ ಆ ಹುಡುಗ ಇನ್ನೊಂದು ಮಾತು ಹೇಳಿದ. ದೊಡ್ಡ ಬ್ಯಾಟರಿಗೆ ಬಿಸಿ ಆಗಬಾರದು. ಅದಕ್ಕ ಗಾಡಿ ಒಳಗಿನ ತಣ್ಣನ ಗಾಳಿ ಎಳಕೊಳ್ಳಾಕ ಹಿಂದಿನ ಸೀಟಿನ ಹತ್ರ ಜಾಳಿಗಿ ಇರ್ತೈತಿ. ಅದರಾಗ ಧೂಳು ಕೂದಲು ಕುಂತ್ರ ಬ್ಯಾಟರಿ ಕಾದು ಲಗೂನ ಸಾಯ್ತೈತಿ. ಹೋಗಿ ನೋಡಿದ್ರ, ಯವ್ವಾ! ನಮ್ಮ ಎರಿ ಹೊಲದ ಧೂಳು, ಹತ್ತಿ ಎಳಿ ಎಲ್ಲಾ ಅಂಟಿಕೊಂಡು ಕುಂತಾವ. ಮ್ಯಾಲೆ ನಾನ ರೊಟ್ಟಿ ಗಂಟು, ಚೀಲ ಇಟ್ಟು ಅದರ ಉಸಿರು ಕಟ್ಟಿದ್ದೆ. ಈಗ ವಾರಕ್ಕೊಮ್ಮೆ ಸಣ್ಣ ಬ್ರಶ್ಶಿಲೆ ಅದನ್ನ ಹಸನ ಮಾಡೂದು ನನ್ನ ಕೆಲಸ. ಫ್ರಿಜ್ಜಿನ ಹಿಂದ, ಫ್ಯಾನಿನ ಮ್ಯಾಲೆ ಧೂಳು ತಗಿಯಾಕಿಗೆ ಇದೇನ ದೊಡ್ಡ ಮಾತು? ಲಕ್ಷಗಟ್ಲೆ ಬ್ಯಾಟರಿ ಒಂದ ಇಪ್ಪತ್ತು ರೂಪಾಯಿ ಬ್ರಶ್ಶಿನ ಮ್ಯಾಲೆ ನಿಂತೈತಿ.

ಈಗ ವರ್ಷದ ಮ್ಯಾಲಾತು. ತ್ರಾಸ ಇಲ್ಲೇ ಇಲ್ಲ ಅಂತ ಸುಳ್ಳ ಹೇಳೂದಿಲ್ಲ. ಗಾಡಿ ತಗ್ಗು, ನಮ್ಮ ಓಣಿ ಹಂಪಿಗೆ ಹೊಟ್ಟಿ ತಗಲತೈತಿ. ರಿಪೇರಿ ಸಾಮಾನು ತುಟ್ಟಿ. ಎಡಗಡಿ ಗ್ಲಾಸು ಈಗೂ ಮೆಲ್ಲಕ ಇಳೀತೈತಿ. ಬ್ಯಾಟರಿ ನಾಳೆ ಹೋದ್ರೂ ಹೋದೀತು. ಹೋದ್ರ ರೊಕ್ಕ ಐತಿ, ಕೂಡಿಸಿದ್ದು ಸೇರಿ ಒಂದೂ ಕಾಲ ಲಕ್ಷದ ಮ್ಯಾಲೆ ಆಗೇತಿ. ಸಾಲ ಮಾಡಿ ಇಂಥಾ ಗಾಡಿ ತಗೋಬ್ಯಾಡ್ರಿ. ಬ್ಯಾಟರಿ ರೊಕ್ಕ ಬ್ಯಾರೆ ಇಡಲಾರ್ದ ತಗೋಬ್ಯಾಡ್ರಿ. ಫೈಲ್ ಇಲ್ಲದ ಗಾಡಿ ಪುಕ್ಕಟ ಕೊಟ್ರೂ ಬ್ಯಾಡ. ಆದ್ರ ಎರಡ ಲಕ್ಷ ಓಡೈತಿ ಅಂತ ಅಷ್ಟಕ್ಕ ಅಂಜಬ್ಯಾಡ್ರಿ. ಓಡಿದ್ದು ಕೇಡಲ್ಲ, ಓಡಿದ್ದು ಮುಚ್ಚಿಡೂದು ಕೇಡು.

ಇನ್ನೊಂದು ಮಾತು ಇನ್ನೂ ಯಾರಿಗೂ ಹೇಳಿಲ್ಲ. ಹೋದ ತಿಂಗಳ ನಾ ಎಲ್‌ಎಲ್‌ಆರ್ ಮಾಡಿಸೇನಿ. ಕ್ಲಚ್ ಇಲ್ಲದ ಗಾಡಿ, ಎರಡ ಪೆಡಲ್ ಅಷ್ಟ, ನಿನಗ ಬರ್ತೈತಿ ಅಂತ ಇವ್ರ ಗಂಟು ಬಿದ್ರು. ಮುಂಜಾನೆ ಆರಕ್ಕ, ರಸ್ತೆ ಖಾಲಿ ಇದ್ದಾಗ, ಮನಿಂದ ನಮ್ಮೂರ ಝೂ ಗೇಟಿನ ತನಕ ಹೋಗಿ ಬರ್ತೀನಿ. ಇವ್ರು ಬಾಜೂ ಕುಂದರ್ತಾರ. ಮೊದಲನೇ ದಿನ ಇಳದು ಮೀಟರ್ ನೋಡಿದೆ, 2,25,316 ಇತ್ತು. ಅದರಾಗ ಎರಡ ಕಿಲೋಮೀಟರ್ ನನ್ನವು.